ಬಾತುಕೋಳಿಗೆ ತಗುಲದ ಗುಂಡು

ಅಕ್ಕನ ಮನೆಗೆ 55 ಇಂಚಿನ ಹೊಸ ಟಿವಿ ಬಂದ ವಾರವೇ ಅವಳ ಮಗ ಊರಿನ ಮನೆಯ ಅಟ್ಟದಿಂದ ನನ್ನ ಹಳೆಯ ವಿಡಿಯೋ ಗೇಮನ್ನು ಇಳಿಸಿ ತಂದಿದ್ದ. ತೊಂಬತ್ತರ ದಶಕದಲ್ಲಿ ನಾವು ‘ಕ್ಯಾಸೆಟ್ ಗೇಮು’ ಎನ್ನುತ್ತಿದ್ದ ಪೆಟ್ಟಿಗೆ ಅದು. ಜಪಾನಿನ ನಿಂಟೆಂಡೊ ಯಂತ್ರದ ನಕಲು, ಜೊತೆಗೊಂದು ಪ್ಲಾಸ್ಟಿಕ್ ಬಂದೂಕು. ಹಳದಿ ಪಿನ್ನು, ಬಿಳಿ ಪಿನ್ನು ಚುಚ್ಚಿದೆವು. ಚಿತ್ರ ಮೂಡಿತು, ಸಂಗೀತ ಬಂತು, ಹುಲ್ಲಿನ ಮರೆಯಿಂದ ಬಾತುಕೋಳಿ ಪಟಪಟನೆ ಎದ್ದು ಹಾರಿತು. ಹುಡುಗ ಗುರಿಯಿಟ್ಟು ಕುದುರೆ ಎಳೆದ. ತಗುಲಲಿಲ್ಲ. ಇನ್ನೊಮ್ಮೆ ಎಳೆದ. ಕೊನೆಗೆ ಬಂದೂಕಿನ ಮೂತಿಯನ್ನು ಪರದೆಗೆ ಒತ್ತಿಯೇ ಹಿಡಿದ. ಹಕ್ಕಿ ನಿರಾಳವಾಗಿ ಮೇಲೇರಿ ಹೋಯಿತು.

“ಮಾವ, ಇದು ಕೆಟ್ಟುಹೋಗಿದೆ” ಎಂದು ನನ್ನ ಕೈಗಿಟ್ಟ.

ಕೆಟ್ಟಿರಲಿಲ್ಲ. ಬಂದೂಕು ಸರಿಯಾಗಿಯೇ ಇತ್ತು, ಪೆಟ್ಟಿಗೆಯೂ ಸರಿಯಾಗಿತ್ತು, ಟಿವಿಯಂತೂ ಹೊಚ್ಚಹೊಸದು. ಮೂರೂ ಸರಿಯಿದ್ದು ಗುಂಡು ತಗುಲುವುದಿಲ್ಲ ಎಂದರೆ ಅವುಗಳ ನಡುವೆ ಏನೋ ಕಳೆದುಹೋಗಿದೆ. ಕಳೆದದ್ದು ಸಮಯ. ಹೊಸ ಟಿವಿ ನಮಗೆ ಲಕ್ಷಗಟ್ಟಲೆ ಚುಕ್ಕಿಗಳನ್ನು ಕೊಟ್ಟಿತು, ಬದಲಿಗೆ ಸೆಕೆಂಡಿನ ಸಣ್ಣ ಸಣ್ಣ ಚೂರುಗಳನ್ನು ತೆಗೆದುಕೊಂಡಿತು. ಸಿನಿಮಾ ನೋಡುವವರಿಗೆ ಈ ವ್ಯಾಪಾರ ತಿಳಿಯುವುದೇ ಇಲ್ಲ. ಆಟ ಆಡುವವರಿಗೆ ಮಾತ್ರ ತಿಳಿಯುತ್ತದೆ, ಏಕೆಂದರೆ ಅವರ ಕೈ ಮತ್ತು ಕಣ್ಣಿನ ನಡುವಿನ ದಾರಿ ಆ ಟಿವಿಯ ಒಳಗಿನಿಂದಲೇ ಹಾದುಹೋಗುತ್ತದೆ.

ಆ ಬಂದೂಕಿನಿಂದ ಏನೂ ಹೊರಡುವುದಿಲ್ಲ, ಬೆಳಕು ಅದರ ಒಳಕ್ಕೆ ಬರುತ್ತದೆ. ಮೂತಿಯಲ್ಲಿ ಒಂದು ಮಸೂರ, ಅದರ ಹಿಂದೆ ಬೆಳಕನ್ನು ಗುರುತಿಸುವ ಪುಟ್ಟ ಬಿಡಿಭಾಗ, ಅಷ್ಟೇ. 1984ರಲ್ಲಿ ಜಪಾನಿನಲ್ಲಿ ಬಂದ ‘ಡಕ್ ಹಂಟ್’ ಆಟದಲ್ಲಿ ಕುದುರೆ ಎಳೆದ ಕೂಡಲೇ ಪರದೆ ಒಂದು ಚಿತ್ರದ ಮಟ್ಟಿಗೆ ಪೂರ್ತಿ ಕಪ್ಪಾಗುತ್ತದೆ. ಮರುಚಿತ್ರದಲ್ಲಿ ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ. ಬಂದೂಕು ಮೊದಲು ಕತ್ತಲನ್ನೂ ಆಮೇಲೆ ಬೆಳಕನ್ನೂ ಕಂಡರೆ ಗುರಿ ಸರಿ. ಮೊದಲೇ ಬೆಳಕು ಕಂಡರೆ ಆಡುವವನು ಟ್ಯೂಬ್‌ಲೈಟಿಗೆ ಹಿಡಿದಿದ್ದಾನೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಎರಡು ಹಕ್ಕಿಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದು ಹೊಳೆಯುತ್ತವೆ. ಯಾವುದಕ್ಕೆ ಬೆಳಕು ಬಂತೋ ಆ ಹಕ್ಕಿ ಬೀಳುತ್ತದೆ. ಕಣ್ಣಿಗೆ ಒಂದು ಮಿಂಚಿನಂತೆ ಕಾಣುವ ಈ ಪರೀಕ್ಷೆಯಲ್ಲಿ ಯಂತ್ರ ಒಂದು ವಿಷಯವನ್ನು ಪೂರ್ತಿ ನಂಬಿದೆ: ‘ನಾನು ಕಳಿಸಿದ ಚಿತ್ರ ಈಗ, ಈ ಕ್ಷಣವೇ, ಪರದೆಯ ಮೇಲಿದೆ.’

ಪಿಕ್ಚರ್ ಟ್ಯೂಬಿನ ಟಿವಿ ಆ ನಂಬಿಕೆಯನ್ನು ಉಳಿಸಿಕೊಂಡಿತ್ತು. ಅದರ ಕೊಳವೆಯ ಹಿಂಭಾಗದಿಂದ ಹೊರಟ ಇಲೆಕ್ಟ್ರಾನ್ ಕಿರಣ, ಗದ್ದೆ ಉಳುವವನು ಸಾಲು ಹೊಡೆಯುವ ಹಾಗೆ, ಗಾಜಿನ ಒಳಮೈಯ ಫಾಸ್ಫರ್ ಲೇಪದ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಒಂದು ಗೆರೆಗೆ 64 ಮೈಕ್ರೋಸೆಕೆಂಡು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರೆಚಿತ್ರಗಳು. ಅಮೆರಿಕ ಮತ್ತು ಜಪಾನಿನಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 60 ಅರೆಚಿತ್ರ. ತಂತಿಯಲ್ಲಿ ಬಂದ ವಿದ್ಯುತ್ತಿನ ಏರಿಳಿತವೇ ಆ ಕ್ಷಣದ ಕಿರಣದ ಏರಿಳಿತ. ಚಿತ್ರವನ್ನು ಕೂಡಿಟ್ಟುಕೊಳ್ಳುವ ಜಾಗವೇ ಹಳೆಯ ಟಿವಿಯೊಳಗೆ ಇರಲಿಲ್ಲ. ಕೂಡಿಡಲು ಬಾರದ ಯಂತ್ರಕ್ಕೆ ತಡಮಾಡಲೂ ಬಾರದು. ನಾವು ಹುಡುಗರಾಗಿದ್ದಾಗ ಮಾರಿಯೋನನ್ನು ಕಂದಕ ಹಾರಿಸಿದಾಗ ಗುಂಡಿ ಒತ್ತಿದ್ದಕ್ಕೂ ಅವನು ಜಿಗಿದದ್ದಕ್ಕೂ ನಡುವೆ ಟಿವಿಯ ಪಾಲಿನ ವಿಳಂಬ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ.

ಹಾಗಿದ್ದ ಟಿವಿಯನ್ನು ಆಟಗಾರರು ಬಿಟ್ಟದ್ದೇಕೆ? ಬಿಡದೆ ವಿಧಿಯಿರಲಿಲ್ಲ. 2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360, ಮರುವರ್ಷದ ನವೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಬಂದವು. ಎರಡೂ ಹೈ ಡೆಫಿನಿಷನ್ ಪರದೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಯಂತ್ರಗಳು. ಹಳೆಯ ಅಮೆರಿಕನ್ ಟಿವಿಯ ಚಿತ್ರವನ್ನು ಚುಕ್ಕಿಗಳ ಲೆಕ್ಕಕ್ಕೆ ಇಳಿಸಿದರೆ 640 ಅಡ್ಡ, 480 ಉದ್ದ, ಒಟ್ಟು 3,07,200. 720ಪಿ ಎಂದರೆ 1280 ಅಡ್ಡ, 720 ಉದ್ದ, ಒಟ್ಟು 9,21,600. 1080ಪಿ ಎಂದರೆ 20 ಲಕ್ಷಕ್ಕೂ ಮೇಲೆ. ಒಂದೇ ತಲೆಮಾರಿನಲ್ಲಿ ಚಿತ್ರ ಮೂರರಿಂದ ಏಳು ಪಟ್ಟು ದಟ್ಟವಾಯಿತು.

ಈ ಬದಲಾವಣೆ ಮೊದಲು ಕುತ್ತಾಗಿದ್ದು ಅಕ್ಷರಗಳಿಗೆ. 2006ರಲ್ಲಿ ಕ್ಯಾಪ್‌ಕಾಂ ಕಂಪನಿಯ ‘ಡೆಡ್ ರೈಸಿಂಗ್’ ಬಂದಾಗ ಹಳೆಯ ಟಿವಿ ಇದ್ದ ಸಾವಿರಾರು ಮನೆಗಳಲ್ಲಿ ಪರದೆಯ ಮೇಲಿನ ಸೂಚನೆಗಳನ್ನು ಓದಲು ಆಗಲೇ ಇಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನೊಳಗೆ ಹೋಗಬೇಕು ಎಂಬುದೆಲ್ಲ ಆ ಅಕ್ಷರಗಳಲ್ಲೇ ಇತ್ತು. ಕಾರಣ ಸರಳ ಗಣಿತ. 720 ಸಾಲುಗಳ ಪರದೆಗೆಂದು 12 ಸಾಲು ಎತ್ತರದ ಅಕ್ಷರ ಬರೆದರೆ 480 ಸಾಲುಗಳಲ್ಲಿ ಅದಕ್ಕೆ ಸಿಗುವುದು ಎಂಟೇ ಸಾಲು. ಅದರಲ್ಲೂ ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಹೊಳೆಯುವುದರಿಂದ ಒಂದೇ ಗೆರೆ ದಪ್ಪದ ಅಡ್ಡಗೀಟು ನಡುಗುತ್ತದೆ. ಇಂಗ್ಲಿಷ್ ಅಕ್ಷರಗಳ ಪಾಡೇ ಇದು. ‘ಸ್ತ್ರೀ’ ಎಂದು ಬರೆಯಲು ಮೇಲೆ ಕೆಳಗೆ ಜಾಗ ಬೇಡುವ ಕನ್ನಡವನ್ನು ಎಂಟು ಸಾಲುಗಳಲ್ಲಿ ಕೂರಿಸುವುದನ್ನು ಊಹಿಸಿಕೊಳ್ಳಿ. ನಮ್ಮ ಭಾಷೆಗಳಿಗೆ ಪರದೆಯ ದಟ್ಟಣೆ ಅಂದಚಂದದ ಪ್ರಶ್ನೆಯಲ್ಲ, ಓದಲಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಮೊಬೈಲಿನಲ್ಲಿ ಕನ್ನಡ ಇಷ್ಟು ಸಲೀಸಾಗಿ ನೆಲೆಯೂರಲು ದಟ್ಟ ಪರದೆಗಳ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಆದರೆ ಹೊಸ ಟಿವಿ ತಂದ ಮಾತ್ರಕ್ಕೆ ಹೊಸ ಚಿತ್ರ ಬರುತ್ತಿರಲಿಲ್ಲ. ಮೊದಲ ಪ್ಲೇಸ್ಟೇಷನ್ 3ರ ಡಬ್ಬಿಯೊಳಗೆ ಇದ್ದದ್ದು ಹಳದಿ-ಕೆಂಪು-ಬಿಳಿ ಪಿನ್ನುಗಳ ಹಳೆಯ ತಂತಿಯೇ. ಎಚ್‌ಡಿಎಂಐ ತಂತಿಯನ್ನು ಬೇರೆ ಕೊಳ್ಳಬೇಕಿತ್ತು. ಮೊದಲ ಎಕ್ಸ್‌ಬಾಕ್ಸ್ 360ಕ್ಕಂತೂ ಎಚ್‌ಡಿಎಂಐ ಕಿಂಡಿಯೇ ಇರಲಿಲ್ಲ. ಅದು ಬಂದದ್ದು 2007ರಲ್ಲಿ. ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬಣ್ಣ, ಬೆಳಕು ಎರಡನ್ನೂ ಬೆರೆಸಿ ಕಳಿಸುತ್ತಾರೆ. ಆಚೆ ತುದಿಯಲ್ಲಿ ಟಿವಿ ಅವನ್ನು ಮತ್ತೆ ಬೇರ್ಪಡಿಸಬೇಕು. ಹಾಲು-ನೀರು ಬೇರ್ಪಡಿಸುವ ಹಂಸದ ಶಕ್ತಿ ಯಾವ ಟಿವಿಗೂ ಇಲ್ಲವಾದ್ದರಿಂದ ಅಂಚುಗಳಲ್ಲಿ ಬಣ್ಣ ಸೋರುತ್ತದೆ, ಸಣ್ಣ ವಿವರ ಅಳಿಸಿಹೋಗುತ್ತದೆ. ಹೈ ಡೆಫಿನಿಷನ್ ಚಿತ್ರ ಆ ತಂತಿಯಲ್ಲಿ ಬರಲಾರದು. ದುಬಾರಿ ಟಿವಿ ತಂದು ಹಳದಿ ಪಿನ್ನು ಚುಚ್ಚಿ, ‘ಹಳೆಯ ಟಿವಿಯೇ ಚೆನ್ನಾಗಿತ್ತು’ ಎಂದು ಬೇಸರಪಟ್ಟವರನ್ನು ನಾನೇ ಕಂಡಿದ್ದೇನೆ. ಅವರು ಹೇಳಿದ್ದು ನಿಜವೇ. ಕೊರತೆಯ ಚಿತ್ರವನ್ನು ಹಳೆಯ ಟ್ಯೂಬು ಮೆದುವಾಗಿ ಮರೆಸುತ್ತಿತ್ತು, ಹೊಸ ಪರದೆ ಅದನ್ನೇ ಹಿಗ್ಗಿಸಿ ತೋರಿಸುತ್ತದೆ.

ನಮ್ಮ ದೇಶದಲ್ಲಿ ಆ ಯಂತ್ರಗಳು 2006-07ರಲ್ಲಿ ಬಂದಾಗ ಎಚ್‌ಡಿ ಪ್ರಸಾರ ಎಂಬುದೇ ಇರಲಿಲ್ಲ. ದೂರದರ್ಶನ ಎಚ್‌ಡಿಯಲ್ಲಿ ತೋರಿಸಿದ್ದು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು. ಹಾಗಾಗಿ ಬೆಂಗಳೂರು, ಮೈಸೂರಿನ ಕೆಲವು ಮನೆಗಳಲ್ಲಾದರೂ ಹೈ ಡೆಫಿನಿಷನ್ ಎಂದರೇನೆಂದು ಮೊದಲು ತೋರಿಸಿದ್ದು ಮಕ್ಕಳ ಆಟದ ಪೆಟ್ಟಿಗೆ.

ಅಂಗಡಿಯಲ್ಲಿ ಆಗ ‘ಎಚ್‌ಡಿ ರೆಡಿ’ ಎಂಬ ಚೀಟಿ ಹಚ್ಚಿದ ಎಲ್‌ಸಿಡಿ ಟಿವಿಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳಲ್ಲಿ ಬಹುಪಾಲಿನ ಪರದೆ 1366 ಅಡ್ಡ, 768 ಉದ್ದ. 720ಕ್ಕೂ 768ಕ್ಕೂ ತಾಳೆಯಾಗುವುದಿಲ್ಲ: 15 ಸಾಲುಗಳಲ್ಲಿರುವುದನ್ನು 16 ಸಾಲುಗಳಿಗೆ ಹಂಚಬೇಕು. ಹಾಗೆ ಹಂಚುವಾಗ ಒಂದು ಸಾಲಿನ ಅಂಚು ಪಕ್ಕದ ಸಾಲಿಗೂ ಸ್ವಲ್ಪ ಸೋಕುತ್ತದೆ, ಗೆರೆ ಮೊಂಡಾಗುತ್ತದೆ. ಇದರ ಮೇಲೆ ಇನ್ನೊಂದು ಹಳೆಯ ಅಭ್ಯಾಸ: ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿದ್ದುದರಿಂದ ಅದನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಅಂಚೇ ಸೊಟ್ಟಗಿರದ ಹೊಸ ಟಿವಿಗಳೂ ಚಿತ್ರವನ್ನು ಕೊಂಚ ಹಿಗ್ಗಿಸಿ ಅಂಚು ಕತ್ತರಿಸುವುದನ್ನು ಮುಂದುವರಿಸಿದವು. ಮೂಲೆಯಲ್ಲಿರುವ ನಕ್ಷೆ, ಜೀವದ ಪಟ್ಟಿ ಅರ್ಧ ಮಾಯ. ರಿಮೋಟಿನಲ್ಲಿ ‘ಸ್ಕ್ರೀನ್ ಫಿಟ್’ ಎಂದೋ ‘ಜಸ್ಟ್ ಸ್ಕ್ಯಾನ್’ ಎಂದೋ ಇರುವ ಆಯ್ಕೆಯನ್ನು ಹುಡುಕಿ ಒತ್ತಿದರೆ ಇದು ತೀರುತ್ತದೆ. ಇಂದಿಗೂ ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ಒತ್ತಿರುವುದಿಲ್ಲ.

ದೊಡ್ಡದು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಕಣ್ಣಿನದೇ ಒಂದು ಲೆಕ್ಕವಿದೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಅಂತರದ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರು. ಅದರಲ್ಲಿ 1920 ಚುಕ್ಕಿಗಳಿದ್ದರೆ ಒಂದೊಂದೂ 0.63 ಮಿಲಿಮೀಟರು, 2.2 ಮೀಟರಿಗಿಂತ ಹಿಂದೆ ಕೂತರೆ ಅವು ಬೆರೆತುಹೋಗುತ್ತವೆ. 4ಕೆ ಪರದೆಯ 3840 ಚುಕ್ಕಿಗಳನ್ನು ಬಿಡಿಬಿಡಿಯಾಗಿ ಕಾಣಲು 1.1 ಮೀಟರಿಗೆ, ಅಂದರೆ ಹತ್ತಿರ ಹತ್ತಿರ ಮೂರೂವರೆ ಅಡಿಗೆ, ಮುಂದೆ ಬರಬೇಕು. ಅಕ್ಕನ ಮನೆಯ ಹಾಲಿನಲ್ಲಿ ಸೋಫಾ ಇರುವುದು ಗೋಡೆಗೆ ತಾಗಿ, ಟಿವಿಯಿಂದ ಮೂರು ಮೀಟರು ದೂರ. ಅಲ್ಲಿಂದ ಭಾವನಿಗೆ 4ಕೆ ಕಾಣುವುದಿಲ್ಲ. ಚಾಪೆ ಹಾಕಿಕೊಂಡು ನೆಲದ ಮೇಲೆ ಟಿವಿಗೆ ಹತ್ತಿರ ಕೂರುವ ಹುಡುಗನಿಗೆ ಕಾಣುತ್ತದೆ. ‘ಹತ್ತಿರ ಕೂರಬೇಡ’ ಎಂದು ಅವರಮ್ಮ ಗದರುತ್ತಾಳೆ, ಆದರೆ ಕೊಟ್ಟ ದುಡ್ಡಿನ ಪೂರ್ತಿ ಚಿತ್ರ ಆ ಮನೆಯಲ್ಲಿ ಸಿಗುತ್ತಿರುವುದು ಅವನೊಬ್ಬನಿಗೇ.

ಇನ್ನು ಕಳೆದುಹೋದ ಸಮಯದ ಮಾತು.

ಹೊಸ ಟಿವಿ ಬಂದ ಸಂಕೇತವನ್ನು ಬಂದ ಹಾಗೆ ಬರೆಯುವುದಿಲ್ಲ, ಮೊದಲು ಕೂಡಿಟ್ಟುಕೊಳ್ಳುತ್ತದೆ. ಬೆಸ ಗೆರೆಗಳ ಅರೆಚಿತ್ರಕ್ಕೆ ಸಮ ಗೆರೆಗಳದ್ದನ್ನು ಹೊಂದಿಸಬೇಕಾದರೆ ಎರಡನೆಯದು ಬರುವವರೆಗೆ ಕಾಯಬೇಕು. ಆಮೇಲೆ ತನ್ನ ಪರದೆಯ ಅಳತೆಗೆ ಹಿಗ್ಗಿಸಬೇಕು, ಕಾಳು ಕಾಳಾಗಿ ಕಾಣುವುದನ್ನು ನುಣುಪು ಮಾಡಬೇಕು, ಬಣ್ಣ ತಿದ್ದಬೇಕು. ಎಲ್ಲಕ್ಕಿಂತ ದುಬಾರಿಯಾದದ್ದು ಚಲನೆಯನ್ನು ನಯಗೊಳಿಸುವ ಕೆಲಸ. ಎರಡು ಚಿತ್ರಗಳ ನಡುವೆ ತಾನೇ ಊಹಿಸಿ ಮೂರನೆಯದನ್ನು ಸೇರಿಸಲು ಟಿವಿಗೆ ಮುಂದಿನ ಚಿತ್ರ ಮೊದಲೇ ಕೈಯಲ್ಲಿರಬೇಕು. ಆಟದ ಯಂತ್ರ ಸೆಕೆಂಡಿಗೆ 60 ಚಿತ್ರ ಕಳಿಸಿದರೆ ಒಂದು ಚಿತ್ರದ ಕಾಯುವಿಕೆ ಎಂದರೆ 16.7 ಮಿಲಿಸೆಕೆಂಡು. ಮೂರು ಚಿತ್ರ ಕಾದರೆ 50. ಆರು ಕಾದರೆ ಸೆಕೆಂಡಿನ ಹತ್ತನೇ ಒಂದು ಭಾಗ. ನಮ್ಮ ಬಾತುಕೋಳಿಯ ಬಿಳಿ ಚೌಕ ಪರದೆಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಪರೀಕ್ಷೆಯೇ ಮುಗಿದಿರುತ್ತದೆ. ಬಂದೂಕಿಗೆ ಆ ಚೌಕ ಸಮಯಕ್ಕೆ ಕಾಣುವುದೇ ಇಲ್ಲ.

ಮನುಷ್ಯ ಬೆಳಕು ಕಂಡು ಗುಂಡಿ ಒತ್ತಲು ಹೇಗೂ 200 ಮಿಲಿಸೆಕೆಂಡಿನಷ್ಟು ತೆಗೆದುಕೊಳ್ಳುತ್ತಾನಲ್ಲ, ನಡುವೆ ಐವತ್ತು ಹೆಚ್ಚಾದರೇನು ಎಂದು ಕೇಳಬಹುದು. ಬ್ಯಾಟ್ಸ್‌ಮನ್ ಒಬ್ಬನನ್ನು ನೆನೆಯಿರಿ. ಗಂಟೆಗೆ 140 ಕಿಲೋಮೀಟರಿನ ಚೆಂಡು ಬೌಲರನ ಕೈಬಿಟ್ಟು ಅವನನ್ನು ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಕಂಡು, ಯೋಚಿಸಿ, ಬೀಸಿದರೆ ಕಾಲ ಮೀರಿರುತ್ತದೆ. ಅವನು ಚೆಂಡಿನ ಮೊದಲ ಭಾಗ ನೋಡಿ ಅದು ಎಲ್ಲಿಗೆ ಬರುತ್ತದೆಂದು ಅಂದಾಜು ಮಾಡಿ ಬ್ಯಾಟನ್ನು ಅಲ್ಲಿಗೆ ಕಳಿಸುತ್ತಾನೆ. ಆ ಅಂದಾಜು ವರ್ಷಗಳ ಅಭ್ಯಾಸದಿಂದ ಬಂದದ್ದು. ಈಗ ಅವನ ಕಣ್ಣಿಗೆ ಕಾಣುವ ಎಲ್ಲವನ್ನೂ 50 ಮಿಲಿಸೆಕೆಂಡು ಹಿಂದಕ್ಕೆ ತಳ್ಳಿ. ಅವನು ನೋಡುತ್ತಿರುವ ಜಾಗಕ್ಕಿಂತ ಚೆಂಡು ಸುಮಾರು ಎರಡು ಮೀಟರು ಮುಂದೆ ಬಂದಿರುತ್ತದೆ. ಆಟಗಾರನ ಬೆರಳಿಗೂ ಇಂಥದೇ ಅಂದಾಜು ಇದೆ. ಟಿವಿ ಬದಲಾದ ದಿನ ಅದು ತಪ್ಪುತ್ತದೆ. ಅವನು ತನ್ನ ಕೈಯನ್ನೇ ಅನುಮಾನಿಸುತ್ತಾನೆ, ಕಂಟ್ರೋಲರನ್ನು ಬದಲಿಸುತ್ತಾನೆ. ಟಿವಿಯ ಮೇಲೆ ಅನುಮಾನ ಬರುವುದು ಕೊನೆಗೆ.

ಗಿಟಾರು ನುಡಿಸುವ ಆಟಗಳಲ್ಲಿ ಈ ಗುಟ್ಟು ಮೊದಲು ಬಯಲಾಯಿತು. 2005ರಲ್ಲಿ ಬಂದ ‘ಗಿಟಾರ್ ಹೀರೋ’ದ ಬಗೆಯ ಆಟಗಳಲ್ಲಿ ಪರದೆಯ ಮೇಲೆ ಇಳಿಯುವ ಸ್ವರದ ಗುಂಡಿಯನ್ನು ತಾಳಕ್ಕೆ ಸರಿಯಾಗಿ ಒತ್ತಬೇಕು. ಚಿತ್ರ ತಡವಾಗಿ, ಹೋಂ ಥಿಯೇಟರಿನಿಂದ ಸದ್ದು ಬೇಗ ಬಂದರೆ ಯಾವ ತಾಳಕ್ಕೆ ಒತ್ತುವುದು? ಪ್ರಸಾರದ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ನಮಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಗೊತ್ತಾಗುವುದಿಲ್ಲ. ಈ ಪಕ್ಷಪಾತ ನಮಗೆ ಲೋಕ ಕಲಿಸಿದ್ದು. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಲ್ಲಿಗೆ ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. 40 ಮೀಟರು ಅಗಲದ ಹೊಳೆಗೆ 120 ಮಿಲಿಸೆಕೆಂಡು. ಸದ್ದು ಮೊದಲು ಬಂದು ಕೈ ಆಮೇಲೆ ಬೀಳುವುದನ್ನು ಯಾವ ಹೊಳೆಯ ದಡದಲ್ಲೂ ಯಾರೂ ಕಂಡಿಲ್ಲ. ಹೊಸ ಟಿವಿ ಮನೆಯೊಳಗೆ ಅದನ್ನು ತೋರಿಸಿತು. 2008ರ ‘ರಾಕ್ ಬ್ಯಾಂಡ್ 2’ ಆಟದ ಗಿಟಾರಿನಲ್ಲಿ ಬೆಳಕನ್ನೂ ಸದ್ದನ್ನೂ ಗುರುತಿಸುವ ಬಿಡಿಭಾಗಗಳನ್ನೇ ಕೂರಿಸಿದರು. ಅದನ್ನು ಪರದೆಗೆ ಹಿಡಿದರೆ ಟಿವಿಯ ವಿಳಂಬವನ್ನು ತಾನೇ ಅಳೆದುಕೊಂಡು ಆಟ ತನ್ನ ತಾಳ ಸರಿಪಡಿಸಿಕೊಳ್ಳುತ್ತಿತ್ತು. ಬಾತುಕೋಳಿ ಬಂದೂಕಿನ ಮೊಮ್ಮಗ ಅದು; ಟಿವಿ ಸಮಯಕ್ಕೆ ಸರಿಯಾಗಿದೆ ಎಂಬ ಅಜ್ಜನ ನಂಬಿಕೆಯನ್ನು ಬಿಟ್ಟುಕೊಟ್ಟ ಮೊಮ್ಮಗ.

ವಿಳಂಬದ ಜೊತೆಗೆ ಇನ್ನೊಂದು ಕೊರತೆಯೂ ಬಂತು: ಮಸುಕು. ಎಲ್‌ಸಿಡಿ ಪರದೆಯಲ್ಲಿ ಬೆಳಕನ್ನು ತಡೆಯುವ, ಬಿಡುವ ಕೆಲಸ ದ್ರವ ಸ್ಫಟಿಕದ್ದು. 1888ರಲ್ಲಿ ಫ್ರೀಡ್ರಿಚ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಪ್ರಾಗ್ ನಗರದಲ್ಲಿ ಕಂಡ ವಿಚಿತ್ರ ಸ್ಥಿತಿ ಅದು: ದ್ರವದಂತೆ ಹರಿಯುತ್ತದೆ, ಆದರೆ ಅಣುಗಳು ಸ್ಫಟಿಕದಲ್ಲಿರುವಂತೆ ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ವಿದ್ಯುತ್ ಕೊಟ್ಟರೆ ಆ ಸಾಲು ತಿರುಗುತ್ತದೆ. ಸ್ನಿಗ್ಧ ದ್ರವವಾದ್ದರಿಂದ ತಿರುಗಲು ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಮೊದಲ ಟಿವಿಗಳಲ್ಲಿ ಒಂದು ಚಿತ್ರಕ್ಕೆ ಅಣುಗಳು ಪೂರ್ತಿ ತಿರುಗುವ ಮೊದಲೇ ಮುಂದಿನದು ಬಂದುಬಿಡುತ್ತಿತ್ತು, ಓಡುವ ಕಾರಿನ ಹಿಂದೆ ಅದರದೇ ನೆರಳು ಓಡುತ್ತಿತ್ತು.

ಈ ಅಣುಗಳ ಕಥೆಯಲ್ಲಿ ಬೆಂಗಳೂರಿನದೇ ಒಂದು ಅಧ್ಯಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1977ರವರೆಗೆ ದ್ರವ ಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕು ಎಂದೇ ತಿಳಿದಿದ್ದರು. ಆ ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ನಾಣ್ಯಗಳನ್ನು ಪೇರಿಸಿಟ್ಟಂತೆ ಅವು ಕಂಬಗಳಾಗಿ ನಿಲ್ಲುತ್ತವೆ. ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಹಳೆಯ ಎಲ್‌ಸಿಡಿ ಮಾನಿಟರನ್ನು ಪಕ್ಕದಿಂದ ನೋಡಿದರೆ ಬಣ್ಣ ತಿರುಚಿಕೊಳ್ಳುತ್ತಿತ್ತಲ್ಲ, ಅದನ್ನು ತಿದ್ದಲು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ತಂದ ತೆಳು ಹಾಳೆಯಲ್ಲಿದ್ದದ್ದು ಇದೇ ಜಾತಿಯ ತಟ್ಟೆಯಣುಗಳು. ಬೆಂಗಳೂರಿನಲ್ಲಿ ತೆರೆದ ಬಾಗಿಲಿನಿಂದ ಹೊರಟ ವಸ್ತು ಲೋಕದ ಎಷ್ಟೋ ಮೇಜುಗಳ ಮೇಲೆ ಕೂತಿತು.

ಅಣುಗಳನ್ನು ಎಷ್ಟೇ ಚುರುಕು ಮಾಡಿದರೂ ಮಸುಕು ಪೂರ್ತಿ ಹೋಗಲಿಲ್ಲ. ಅದರ ಅರ್ಧ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಟ್ಯೂಬಿನ ಫಾಸ್ಫರು ಕ್ಷಣ ಮಾತ್ರ ಹೊಳೆದು ಆರುತ್ತಿತ್ತು. ಹೊಸ ಪರದೆ ಮುಂದಿನ ಚಿತ್ರ ಬರುವವರೆಗೂ ಹಿಂದಿನದನ್ನು ಹಿಡಿದು ನಿಲ್ಲುತ್ತದೆ. 1920 ಚುಕ್ಕಿ ಅಗಲದ ಪರದೆಯನ್ನು ಎರಡು ಸೆಕೆಂಡಿನಲ್ಲಿ ದಾಟುವ ಕಾರು ಒಂದೊಂದು ಚಿತ್ರಕ್ಕೆ 16 ಚುಕ್ಕಿ ಸರಿಯುತ್ತದೆ. ಕಣ್ಣು ಅದನ್ನು ಹಿಂಬಾಲಿಸುತ್ತ ನಯವಾಗಿ ಜಾರುತ್ತಿರುತ್ತದೆ. ಚಿತ್ರ ಮಾತ್ರ ನಿಂತಲ್ಲೇ ನಿಂತು ಆಮೇಲೆ ಜಿಗಿಯುತ್ತದೆ. ಆ 16 ಚುಕ್ಕಿಗಳ ವ್ಯತ್ಯಾಸ ಅಕ್ಷಿಪಟಲದ ಮೇಲೆ ಬಳಿದಂತಾಗುತ್ತದೆ. ಸೆಕೆಂಡಿಗೆ 120 ಚಿತ್ರ ತೋರಿಸಿದರೆ ಅದು ಎಂಟಕ್ಕೆ ಇಳಿಯುತ್ತದೆ. ಓಎಲ್‌ಇಡಿ ಪರದೆಯ ಚುಕ್ಕಿ ಎಲ್‌ಸಿಡಿಗಿಂತ ಎಷ್ಟೋ ಬೇಗ ಬದಲಾದರೂ ಈ ಮಸುಕಿನಿಂದ ಅದಕ್ಕೂ ಬಿಡುಗಡೆಯಿಲ್ಲ.

ಆಟ ಕಟ್ಟುವವರ ಮುಂದೆಯೂ ಚುಕ್ಕಿಯೋ ಸಮಯವೋ ಎಂಬ ಇದೇ ಆಯ್ಕೆ ನಿಂತಿತ್ತು. 2007ರ ‘ಹೇಲೋ 3’ ಒಳಗೆ ಚಿತ್ರ ಬರೆಯುತ್ತಿದ್ದುದು 1152 ಅಡ್ಡ, 640 ಉದ್ದದಲ್ಲಿ. ಬೆಳಕಿನ ಸೂಕ್ಷ್ಮ ಛಾಯೆಗಳಿಗಾಗಿ ಚುಕ್ಕಿಗಳನ್ನು ಬಿಟ್ಟುಕೊಟ್ಟಿದ್ದರು. ಅದೇ ವರ್ಷದ ‘ಕಾಲ್ ಆಫ್ ಡ್ಯೂಟಿ 4’ ಇನ್ನೂ ಇಳಿದು 1024 ಅಡ್ಡ, 600 ಉದ್ದಕ್ಕೆ ಬಂದಿತು, ಸೆಕೆಂಡಿಗೆ 60 ಚಿತ್ರ ಉಳಿಸಿಕೊಳ್ಳಲು. ಉಳಿದ ಚುಕ್ಕಿಗಳನ್ನು ಯಂತ್ರ ಹಿಗ್ಗಿಸಿ ತುಂಬುತ್ತಿತ್ತು. ಚುಕ್ಕಿ ಎಣಿಸಿದವರು ಇದನ್ನು ಮೋಸ ಎಂದರು. ನಾನು ಹಾಗೆನ್ನಲಾರೆ. ಕೈಗೆ ತಕ್ಷಣ ಓಗೊಡುವ ಆಟ ಬೇಕೆಂದು ಯೋಚಿಸಿ ಮಾಡಿದ ತೀರ್ಮಾನ ಅದು.

ಟಿವಿ ತಯಾರಕರು ಕೊಟ್ಟ ಪರಿಹಾರದ ಹೆಸರು ‘ಗೇಮ್ ಮೋಡ್’. ಅದನ್ನು ಒತ್ತಿದರೆ ಟಿವಿ ತನ್ನ ತಿದ್ದುಪಡಿಗಳಲ್ಲಿ ಬಹುಪಾಲನ್ನು ಕೈಬಿಟ್ಟು ಬಂದದ್ದನ್ನು ಆದಷ್ಟು ಬೇಗ ತೋರಿಸುತ್ತದೆ. 2017ರಲ್ಲಿ ಪ್ರಕಟವಾದ ಎಚ್‌ಡಿಎಂಐ 2.1 ಮಾನಕದಲ್ಲಿ ಆಟದ ಯಂತ್ರವೇ ಟಿವಿಗೆ ‘ಈಗ ಆಟ ನಡೆಯುತ್ತಿದೆ, ಅವಸರ ಮಾಡು’ ಎಂದು ಹೇಳುವ ಏರ್ಪಾಡು ಬಂತು. ಜೊತೆಗೆ ಇನ್ನೊಂದು ದೊಡ್ಡ ಬದಲಾವಣೆ: ಚಿತ್ರ ಸಿದ್ಧವಾದಾಗ ಟಿವಿ ತೋರಿಸಲಿ, ಗಡಿಯಾರ ಹೊಡೆದಾಗ ಅಲ್ಲ ಎಂಬುದು. ಟ್ಯೂಬಿನ ಕಾಲದಿಂದ ಯಂತ್ರ ಟಿವಿಯ ಲಯಕ್ಕೆ ಕುಣಿಯುತ್ತಿತ್ತು. ಈಗ ಟಿವಿ ಯಂತ್ರದ ಲಯಕ್ಕೆ ಹೊಂದಿಕೊಳ್ಳುತ್ತದೆ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಈ ಮಾನಕದ ಕಿಂಡಿಯಿದೆ. ಟಿವಿಯಲ್ಲಿ ನಾಲ್ಕು ಕಿಂಡಿಗಳಿದ್ದರೆ ಈ ಸೌಲಭ್ಯ ಒಂದಕ್ಕೋ ಎರಡಕ್ಕೋ ಮಾತ್ರ ಇರುವುದುಂಟು. ತಂತಿ ಚುಚ್ಚುವ ಮೊದಲು ಕಿಂಡಿಯ ಪಕ್ಕದ ಸಣ್ಣ ಬರಹ ಓದಬೇಕು.

ಅಕ್ಕನ ಮನೆಯಲ್ಲಿ ನಾವು ಗೇಮ್ ಮೋಡ್ ಹಾಕಿದೆವು. ಹುಡುಗನ ಕಾರಿನ ಆಟ ಕೈಗೆ ಹತ್ತಿರವಾಯಿತು, ತಿರುವಿನಲ್ಲಿ ಗೋಡೆಗೆ ಗುದ್ದುವುದು ನಿಂತಿತು. ಬಾತುಕೋಳಿ ಮಾತ್ರ ಆಗಲೂ ಬೀಳಲಿಲ್ಲ. ಒಂದೆರಡು ಚಿತ್ರದಷ್ಟು ಉಳಿದ ವಿಳಂಬವೂ ಆ ಬಂದೂಕಿಗೆ ಹೆಚ್ಚೇ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಪೆಟ್ಟಿಗೆಯನ್ನೂ ಬಂದೂಕನ್ನೂ ಹೊತ್ತುಕೊಂಡೇ ಹೋದೆವು. ಉಗ್ರಾಣದ ಮೂಲೆಯಲ್ಲಿ ಅಕ್ಕಿ ಚೀಲದ ಪಕ್ಕ ಇದ್ದ 21 ಇಂಚಿನ ಡಬ್ಬಾ ಟಿವಿಯನ್ನು ಇಬ್ಬರೂ ಸೇರಿ ಹೊರಗೆಳೆದು, ಧೂಳು ಒರೆಸಿ, ಸ್ಟೆಬಿಲೈಸರಿಗೆ ಸಿಕ್ಕಿಸಿದೆವು. ಪರದೆ ನಿಧಾನವಾಗಿ ಬೆಳಗಿತು. ಹಕ್ಕಿ ಎದ್ದಿತು, ಹುಡುಗ ಕುದುರೆ ಎಳೆದ, ಹಕ್ಕಿ ತಲೆಕೆಳಗಾಗಿ ಹುಲ್ಲಿಗೆ ಬಿತ್ತು. ಅವನು ಕುಣಿದಾಡಿದ. ಹತ್ತು ನಿಮಿಷ ಆಡಿ ಬಂದೂಕು ಕೆಳಗಿಟ್ಟು, “ಮಾವ, ಈ ಟಿವಿ ಯಾಕೆ ಕೀ ಅಂತ ಕೂಗ್ತಿದೆ?” ಎಂದು ಕೇಳಿದ. ಸೆಕೆಂಡಿಗೆ 15,625 ಗೆರೆ ಎಳೆಯುವ ಟ್ಯೂಬಿನ ಸರ್ಕೀಟು ಅದೇ ಲಯದಲ್ಲಿ ಮಿಡಿದು ಹೊರಡಿಸುವ ಸಣ್ಣ ಸೀಟಿ ಅದು. ಅವನ ವಯಸ್ಸಿನಲ್ಲಿ ನಾನೂ ಅದನ್ನು ಕೇಳುತ್ತಿದ್ದೆ, ಪಕ್ಕದ ಕೋಣೆಯಿಂದಲೇ ಟಿವಿ ಹಾಕಿದ್ದಾರೆಂದು ಹೇಳುತ್ತಿದ್ದೆ. ಆವತ್ತು ಕಿವಿಯನ್ನು ಟಿವಿಯ ಬೆನ್ನಿಗೆ ಹಚ್ಚಿದರೂ ನನಗೆ ಏನೂ ಕೇಳಿಸಲಿಲ್ಲ.